ಟೆಕ್ಸಾಸ್ ಲೈಸೆನ್ಸ್: ಆರೋಗ್ಯದ ಪ್ರಶ್ನೆಗಳನ್ನು ಸುಮ್ನೆ ದಾಟಬೇಡಿ

ಊರಲ್ಲಿ ಲೈಸೆನ್ಸ್ ಮಾಡಿಸಿದ್ದು ನೆನಪಿದೆ ಅಲ್ವಾ? ಡ್ರೈವಿಂಗ್ ಸ್ಕೂಲಿನವರು ಫಾರಂ ತುಂಬಿ ಕೊಟ್ಟರು, ಆರೋಗ್ಯದ ಪ್ರಶ್ನೆಗೆಲ್ಲ ‘ಇಲ್ಲ’ ಅಂತ ಅವರೇ ಟಿಕ್ ಹಾಕಿದರು, ನಾವು ತೋರಿಸಿದ ಕಡೆ ಸಹಿ ಮಾಡಿ ಬಂದೆವು. ಆ ಅಭ್ಯಾಸ ಇಲ್ಲಿ ಬಿಡಿ. ಇಲ್ಲಿ ಲೈಸೆನ್ಸ್ ಕೊಡುವ ಇಲಾಖೆ ಡಿಪಿಎಸ್ (ಡಿಪಾರ್ಟ್‌ಮೆಂಟ್ ಆಫ್ ಪಬ್ಲಿಕ್ ಸೇಫ್ಟಿ). ಅದರ ಡಿಎಲ್-14ಎ ಅರ್ಜಿಯನ್ನು ನೀವೇ ಓದಿ, ನೀವೇ ತುಂಬಿ.

ಜೊತೆಗಿರಬೇಕಾದ್ದು

- ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕಕ್ಕೆ ಬಂದಿಳಿದ ದಾಖಲೆ)
- ಸೋಶಿಯಲ್ ಸೆಕ್ಯುರಿಟಿ ನಂಬರ್ (ಬಂದಿದ್ದರೆ)
- ಮನೆ ವಿಳಾಸಕ್ಕೆ ಎರಡು ದಾಖಲೆ
- ಅಪಾಯಿಂಟ್‌ಮೆಂಟ್
- ಗಡುವು: ಇಲ್ಲಿ ನೆಲೆಸಿದ 90 ದಿನದೊಳಗೆ

ಕೇಳುವುದು ಎರಡು ಬಗೆ

ಫಿಟ್ಸ್, ಪ್ರಜ್ಞೆ ತಪ್ಪುವುದು, ಹೃದಯದ ತೊಂದರೆ, ಇನ್ಸುಲಿನ್ ತೆಗೆದುಕೊಳ್ಳುವಷ್ಟು ಶುಗರ್. ಇವಕ್ಕೆ ನಿಜವನ್ನೇ ಬರೆಯಬೇಕು, ಸುಳ್ಳು ಬರೆದರೆ ಅಪರಾಧ. ‘ಹೌದು’ ಅಂದ ಕೂಡಲೇ ಲೈಸೆನ್ಸ್ ಕೈತಪ್ಪುವುದಿಲ್ಲ. ಬೇಕಾದರೆ ವೈದ್ಯರ ಮಂಡಳಿಗೆ ಕಳಿಸಿ ಕೇಳುತ್ತಾರೆ.

ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುವುದು ನಿಮ್ಮಿಷ್ಟ: ಪೊಲೀಸರ ಜೊತೆ ಮಾತಾಡಲು ಅಡ್ಡಿಯಾಗುವ ಆರೋಗ್ಯ ತೊಂದರೆ ಇದೆಯೇ? ಕಿವಿ ಕೇಳಿಸದವರು, ಆಟಿಸಂ, ಪಾರ್ಕಿನ್ಸನ್ಸ್ ಇರುವವರು ದಯವಿಟ್ಟು ಇಲ್ಲಿ ನಿಲ್ಲಿ.

ನಮ್ಮ ಯಜಮಾನರಿಗೆ ಎರಡೂ ಕಿವಿ ಮಂದ. ಬಂದ ಮೊದಲ ವರ್ಷ ಈ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದರು. ಒಂದು ರಾತ್ರಿ ಹಿಂದೆ ಪೊಲೀಸ್ ಗಾಡಿಯ ಕೆಂಪು-ನೀಲಿ ದೀಪ. ಊರಿನ ಹಾಗೆ ಕಾರು ನಿಲ್ಲಿಸಿ, ಮಾತಾಡೋಣ ಅಂತ ಕೆಳಗಿಳಿದರು. ‘ಒಳಗೇ ಕೂರಿ’ ಅಂತ ಪೊಲೀಸ್ ಕೂಗಿದ್ದು ಇವರಿಗೆ ಕೇಳಿಸಲೇ ಇಲ್ಲ. ಕಿವಿ ಮಷೀನ್ ಶರ್ಟಿನ ಜೇಬಿನಲ್ಲಿತ್ತು. ಅದನ್ನು ತೆಗೆಯಲು ಇವರ ಕೈ ಜೇಬಿಗೆ ಹೋಯಿತು, ಅವರ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ನಾನು ಪಕ್ಕದ ಸೀಟಿನಿಂದ ‘ಹಿ ಕಾಂಟ್ ಹಿಯರ್’ ಅಂತ ಕಿರುಚಿದೆ. ಇವತ್ತಿಗೂ ಆ ದೀಪ ಕಂಡರೆ ನನ್ನ ಕೈ ತಣ್ಣಗಾಗುತ್ತದೆ.

ಪೊಲೀಸ್ ನಿಲ್ಲಿಸಿದರೆ ಕಾರಿನಿಂದ ಇಳಿಯಬೇಡಿ. ಕೈ ಎರಡೂ ಸ್ಟೀರಿಂಗ್ ಮೇಲೆ ಕಾಣುವ ಹಾಗಿರಲಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ.

ಲೈಸೆನ್ಸ್ ಮೇಲೆ ಈ ತೊಂದರೆಯ ಗುರುತು ಹಾಕಿಸಲು ಡಿಎಲ್-101 ಫಾರಂಗೆ ವೈದ್ಯರ ಸಹಿ ಬೇಕು. ಡಿಪಿಎಸ್‌ಗೆ ಹೋಗುವ ಮೊದಲೇ ಮಾಡಿಸಿಕೊಳ್ಳಿ. ಆಮೇಲೆ ಅದು ಕಾರ್ಡಿನ ಮೇಲೇ ಅಚ್ಚಾಗಿ ಬರುತ್ತದೆ.

‘ಬ್ಯಾಂಕಲ್ಲಿ, ಏರ್‌ಪೋರ್ಟಲ್ಲಿ ಎಲ್ಲರೂ ನೋಡ್ತಾರೆ’ ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರಿಗೂ ದಾರಿ ಇದೆ. 2019ರ ಸ್ಯಾಮ್ಯುಯಲ್ ಆಲೆನ್ ಕಾಯ್ದೆಯ ಪ್ರಕಾರ ಕಾರಿನ ನೋಂದಣಿಯ ಜೊತೆ ಇದನ್ನು ಸೇರಿಸಬಹುದು. ಅದಕ್ಕೆ ವಿಟಿಆರ್-216 ಫಾರಂ. ಪೊಲೀಸರು ಪ್ಲೇಟಿನ ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ, ಕಾರಿನ ಹತ್ತಿರ ಬರುವ ಮೊದಲೇ ಅವರಿಗೆ ಗೊತ್ತಾಗುತ್ತದೆ. ಆದರೆ ಗೆಳೆಯರ ಕಾರಿನಲ್ಲಿ, ಬಾಡಿಗೆ ಕಾರಿನಲ್ಲಿ ಇದು ಉಪಯೋಗಕ್ಕೆ ಬಾರದು. ಅದಕ್ಕೇ ನಾವು ಎರಡೂ ಮಾಡಿಸಿದೆವು. ಸಂಬಂಧ ನೋಡುವಾಗ ಶುಗರ್ ಮುಚ್ಚಿಟ್ಟ ಹಾಗೆ ಇದನ್ನೂ ಮುಚ್ಚಿಡಬೇಡಿ. ಕಿವಿ ಮಂದ ಅನ್ನುವುದರಲ್ಲಿ ನಾಚಿಕೆ ಏನಿದೆ?

ಕಾರ್ಡಿನ ಹಿಂಭಾಗ

ಇದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಯಾವ ಔಷಧಿ ಅಲರ್ಜಿ, ತುರ್ತಿಗೆ ಯಾರ ಫೋನ್ ನಂಬರ್ ಅಂತ ಬರೆಯಲು ಅಲ್ಲಿ ಜಾಗ ಬಿಟ್ಟಿದ್ದಾರೆ. ಫೋನ್ ಜಾಗದಲ್ಲಿ ಬೆಂಗಳೂರಿನ ಅಪ್ಪನ ನಂಬರ್ ಬೇಡ. ಇಲ್ಲಿ ಅರ್ಧ ಗಂಟೆಯಲ್ಲಿ ಬಂದು ನಿಲ್ಲುವವರ ನಂಬರ್ ಬರೆಯಿರಿ. ಯಾರೂ ಇಲ್ಲದಿದ್ದರೆ ಇಲ್ಲಿನ ನಮ್ಮ ಸಂಘದವರನ್ನು ಕೇಳಿ, ಒಬ್ಬರನ್ನು ಜೊತೆ ಮಾಡಿಕೊಡುತ್ತೇವೆ. ಮಾಮೂಲಿ ಬಾಲ್ ಪೆನ್ ಶಾಯಿ ಅಳಿಸಿಹೋಗುತ್ತದೆ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು, ಒಣಗಿದ ಮೇಲೆ ಪರ್ಸಿಗೆ ಹಾಕಿ.