ಮಲ್ಯೋರ್ಕಾದ ಸಾ ಕಲೋಬ್ರಾ: ಮೊದ್ಲು ಇಳೀಬೇಕು, ಆಮೇಲೆ ಹತ್ತೋದು

ಸ್ಪೇನಿನ ಮಲ್ಯೋರ್ಕಾ ದ್ವೀಪಕ್ಕೆ ರೋಡ್ ಬೈಕ್ (ರಸ್ತೆ ಮೇಲೆ ಓಡಿಸೋ ಹಗುರ ಸೈಕಲ್) ತುಳಿಯೋಕೆ ಹೋಗೋರ ಲಿಸ್ಟಲ್ಲಿ ಸಾ ಕಲೋಬ್ರಾ ಅನ್ನೋ ಬೆಟ್ಟದ ರಸ್ತೆ ಇದ್ದೇ ಇರತ್ತೆ. ತ್ರಾಮುಂತಾನಾ ಬೆಟ್ಟಸಾಲಲ್ಲಿ 682 ಮೀಟರ್ ಎತ್ತರದ ಕೋಲ್ ದೆಲ್ಸ್ ರೇಯ್ಸ್ ಅನ್ನೋ ಕಣಿವೆದಾರಿಯಿಂದ ಸಮುದ್ರದ ತನಕ ಸುಮಾರು ಒಂಬತ್ತೂವರೆ ಕಿ.ಮೀ. ಇಳೀಬೇಕು, ಕೆಳಗೆ ರಸ್ತೆ ಮುಗ್ದೇ ಹೋಗತ್ತೆ, ಬಂದ ದಾರೀಲೇ ವಾಪಸ್ ಹತ್ಬೇಕು. ಸಾಕಾಯ್ತು ಅಂತ ಅರ್ಧಕ್ಕೇ ತಿರುಗಿಸಿಕೊಂಡು ಇಳಿದು ಮನೆ ಸೇರೋ ಚಾನ್ಸ್ ಇಲ್ಲ, ಅದಕ್ಕೇ ಕಾಲಲ್ಲಿ ಶಕ್ತಿ ಉಳಿಸ್ಕೊಂಡೇ ಅಲ್ಲಿಗೆ ಹೋಗ್ಬೇಕು.

ಏಪ್ರಿಲ್, ಮೇ ಒಳ್ಳೇ ಟೈಮು. ಜುಲೈ, ಆಗಸ್ಟ್ ಬಿಸಿಲು ಬೇಡವೇ ಬೇಡ. ಬೆಳಿಗ್ಗೆ ಬೇಗ ಹೊರಡಿ, ಲೇಟಾದ್ರೆ ಟೂರಿಸ್ಟ್ ಬಸ್ಸುಗಳು ಶುರುವಾಗತ್ತೆ, ಹೇರ್‌ಪಿನ್ನಲ್ಲಿ (U ಆಕಾರದ ಕಡಿದಾದ ತಿರುವಲ್ಲಿ) ಒಂದು ಬಸ್ ತಿರುಗೋಕೆ ಇಡೀ ರಸ್ತೆ ಬೇಕು, ನೀವು ಅಲ್ಲೇ ಕಾಲು ಊರಿ ನಿಂತ್ಕೋಬೇಕು. ಕಾಯ್ಮಾರಿ ಅನ್ನೋ ಊರಿನ ಕಡೆಯಿಂದ ಬಂದ್ರೆ ಮೊದ್ಲು ಕೋಲ್ ದೆ ಸಾ ಬತಾಯಾ ಅನ್ನೋ ಇನ್ನೊಂದು ಏರು ಸಿಗತ್ತೆ, 8 ಕಿ.ಮೀ. ಹತ್ರ, ಸರಾಸರಿ 5% ಏರು, ವಾರ್ಮ್ ಅಪ್‌ಗೆ ಪರ್ಫೆಕ್ಟು, ಆದ್ರೆ ಅಲ್ಲಿ ಯಾರ ಜೊತೇನೂ ರೇಸಿಗೆ ಬೀಳ್ಬೇಡಿ.

ಬೈಕ್ ಬಾಡಿಗೆಗೆ ತಗೊಳ್ವಾಗ ಕಾಂಪ್ಯಾಕ್ಟ್ ಕ್ರ್ಯಾಂಕು (ಪೆಡಲ್ ಹತ್ರ ಚಿಕ್ಕ ಹಲ್ಲುಚಕ್ರ ಇರೋದು), ಹಿಂದೆ ದೊಡ್ಡ ಗೇರಿಗೆ 32 ಅಥವಾ 34 ಹಲ್ಲಿರೋ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಸೆಟ್ಟು) ಕೇಳಿ, ಏರು ಹತ್ತೋಕೆ ಹಗುರ ಆಗತ್ತೆ. ಇನ್ನೊಂದು, ಅಲ್ಲಿ ಸಾಮಾನ್ಯವಾಗಿ ಎಡಗೈ ಬ್ರೇಕು ಮುಂದಿನ ಚಕ್ರದ್ದು, ಅಂಗಡಿ ಮುಂದೇನೇ ಒಂದು ರೌಂಡ್ ಹೊಡೆದು ಚೆಕ್ ಮಾಡ್ಕೊಳ್ಳಿ, ಅಭ್ಯಾಸದ ಮೇಲೆ ಬಲಗೈ ಒತ್ತಿದ್ರೆ ಹಿಂದಿನ ಬ್ರೇಕ್ ಬೀಳತ್ತೆ, ಅದು ಬೇಕಾದಷ್ಟು ಹಿಡಿಯಲ್ಲ. ಊರ ಹೊರಗೆ ಹೆಲ್ಮೆಟ್ ಕಡ್ಡಾಯ, ಬಲಗಡೆ ಓಡಿಸ್ಬೇಕು, ಸೋಯೆರ್ ಅನ್ನೋ ಊರಿನ ಕಡೆಯಿಂದ ಬಂದ್ರೆ ಸುರಂಗ ಇದೆ, ಲೈಟ್ ಬೇಕೇ ಬೇಕು.

ಇಳಿಯೋದೇ ನಿಜವಾದ ಕೆಲಸ. 26 ಹೇರ್‌ಪಿನ್ ಇದೆ, ಒಂದು ಕಡೆಯಂತೂ ರಸ್ತೆ ಗಿರ್ರಂತ ಸುತ್ತಿ ತನ್ನದೇ ಕೆಳಗೆ ತೂರಿಕೊಂಡು ಹೋಗತ್ತೆ, ಜನ ಅದನ್ನ ಟೈ ಗಂಟು ಅಂತಾರೆ. 1932ರಲ್ಲಿ ಆಂತೋನಿಯೋ ಪರಿಯೆತ್ತಿ ಅನ್ನೋ ಇಂಜಿನಿಯರ್ ಪ್ಲಾನಲ್ಲಿ ಆದ ರಸ್ತೆ ಇದು. ಬ್ರೇಕನ್ನ ಸತತವಾಗಿ ಹಿಡ್ಕೊಂಡೇ ಇಳೀಬೇಡಿ, ಕಾದು ಹೋಗತ್ತೆ. ತಿರುವಿಗೆ ಮೊದ್ಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಸ್ಪೀಡ್ ಇಳ್ಸಿ, ಆಮೇಲೆ ಬಿಟ್ಟು, ಹೊರಗಡೆ ಪೆಡಲ್ ಕೆಳಗೆ ಇಟ್ಟು ಅದರ ಮೇಲೆ ಭಾರ ಹಾಕಿ, ಕಣ್ಣು ತಿರುವು ಮುಗಿಯೋ ಕಡೆಗೆ. ಮುಂದಿನ ಟೈರ್ ನೋಡ್ತಾ ಇದ್ರೆ ಬೈಕ್ ತಿರುಗಲ್ಲ. ಮಳೆ ಬಂದಿದ್ರೆ ಇನ್ನೊಂದು ದಿನ ಹೋಗಿ, ನಯವಾದ ಡಾಂಬರು ಒದ್ದೆಯಾದ್ರೆ ಸೋಪಿನ ಥರ ಜಾರತ್ತೆ. ದಾರೀಲಿ ಆಡುಗಳೂ ಸಿಗ್ತವೆ, ಅವುಕ್ಕೆ ಯಾವ ರೂಲ್ಸೂ ಇಲ್ಲ.

ಕೆಳಗೆ ಬಾಟಲಿ ತುಂಬಿಸಿ, ಏನಾದ್ರೂ ತಿನ್ನಿ, ಜಾಸ್ತಿ ಹೊತ್ತು ಕೂರ್ಬೇಡಿ, ಕಾಲು ತಣ್ಣಗಾದ್ರೆ ಕಷ್ಟ. ಸರಾಸರಿ 7% ಏರು, ಶುರುವಲ್ಲಿ ಉಸಿರು ಕಟ್ಟದೆ ಪಕ್ಕದವರ ಜೊತೆ ಮಾತಾಡೋ ಹಂಗಿರ್ಲಿ. ಟೈ ಗಂಟು ಕಂಡ್ರೆ ಟಾಪ್ ಹತ್ರ ಬಂತು ಅಂತ, ಉಳಿದಿದ್ದೆಲ್ಲ ಅಲ್ಲಿ ಖರ್ಚು ಮಾಡಿ. ಮೇಲೆ ತಲುಪಿದ ತಕ್ಷಣ ವಿಂಡ್ ಜಾಕೆಟ್ ಹಾಕ್ಕೊಳ್ಳಿ, ಬೆವರಲ್ಲೇ ಆ ಕಡೆ ಇಳಿದ್ರೆ ನಡುಕ ಹತ್ತತ್ತೆ.