ಕಾರಿನ ಕೀ ಚಿಕ್ಕಮ್ಮನ ಹತ್ತಿರ: ಕೋಲಾರದಿಂದ ನಮ್ಮ ಬಿಯರ್ ಪ್ರವಾಸ

ಕೋಲಾರದಲ್ಲಿ ನಮಗೆ ಬಿಯರ್ ಅಂದರೆ 650 ಎಂ.ಎಲ್. ಬಾಟಲಿ. ಬಾರಿನಲ್ಲಿ ಕೂತ ತಕ್ಷಣ ಕೇಳುವುದು ಎರಡೇ ಮಾತು. ಸ್ಟ್ರಾಂಗಾ? ಚಿಲ್ಡ್ ಇದೆಯಾ? ರುಚಿ ಹೇಗಿದೆ ಅಂತ ನಾವು ನಾಲ್ಕು ಜನ ಹದಿನೈದು ವರ್ಷದಲ್ಲಿ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಒಬ್ಬ ಟೊಮೆಟೊ ಮಂಡಿಯವನು, ಒಬ್ಬ ನರಸಾಪುರದ ಕಾರ್ಖಾನೆಯವನು, ಒಬ್ಬ ಮೇಷ್ಟ್ರು, ಇನ್ನೊಬ್ಬ ಡೇರಿಯಲ್ಲಿ ಲೆಕ್ಕ ಬರೆಯುವ ನಾನು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಕೊಡುತ್ತಾರೆ, ಒಮ್ಮೆ ನೋಡಿ ಬರೋಣ ಅಂತ ಮೇಷ್ಟ್ರು ಶುರು ಮಾಡಿದ. ಮಂಡಿಯಲ್ಲಿ ಸೀಸನ್ ತಗ್ಗಿದ ಮೇಲೆ ಒಂದು ಶನಿವಾರ, ಭಾನುವಾರ ಗೊತ್ತುಮಾಡಿದೆವು.

ಮೊದಲು ಕೂತು ಮಾತಾಡಿದ್ದು ಕಾರಿನ ಬಗ್ಗೆ. ನಮ್ಮ ಬ್ಯಾಚಿನ ಒಬ್ಬನನ್ನು ಇದೇ ಹೈವೇಯಲ್ಲಿ ಕಳೆದುಕೊಂಡಿದ್ದೇವೆ. ಅವನು ಅವತ್ತು ಕುಡಿದಿದ್ದ. ಅದಕ್ಕೇ ಈ ವಿಷಯದಲ್ಲಿ ನಮ್ಮಲ್ಲಿ ಚೌಕಾಸಿ ಇಲ್ಲ. ಕಾನೂನಿನ ಪ್ರಕಾರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಾವು ಆ 30ರ ಲೆಕ್ಕಕ್ಕೇ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ವೈಟ್‌ಫೀಲ್ಡ್ ಹತ್ತಿರ ಹೋಪ್ ಫಾರ್ಮ್‌ನಲ್ಲಿರುವ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಕಾರು ನಿಲ್ಲಿಸುವುದು. ಅಲ್ಲಿಂದ ಎಲ್ಲ ಓಡಾಟ ಕ್ಯಾಬು, ಆಟೋ, ಮೆಟ್ರೋ. ಭಾನುವಾರ ವಾಪಸ್ ಓಡಿಸುವವನು ಅವತ್ತು ಒಂದು ಗುಟುಕೂ ಮುಟ್ಟುವ ಹಾಗಿಲ್ಲ. ಚೀಟಿ ಹಾಕಿದೆವು, ನನ್ನ ಹೆಸರು ಬಂತು.

ಚಿಕ್ಕಮ್ಮನಿಗೆ ಸುಳ್ಳು ಹೇಳಲಿಲ್ಲ. ಬಿಯರ್ ಕುಡಿಯೋಕೆ ಬರ್ತಿದ್ದೀವಿ ಅಂತ ಫೋನಿನಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗಾಡಿ ಕೀ ನನ್ನ ಕೈಗೆ ಕೊಟ್ಟು ಹೋಗ್ತೀರಾದ್ರೆ ಬನ್ರಪ್ಪ" ಅಂದರು.

ಕೋಲಾರದಲ್ಲೇ ತುಪ್ಪ ಹಾಕಿದ ಮುಳಬಾಗಿಲು ದೋಸೆ ತಿಂದು ಹೊರಟೆವು. ಹೊಟ್ಟೆ ತುಂಬ ತಿಂದು ಹೋಗಿ, ಇದನ್ನು ಮಾತ್ರ ತಪ್ಪಿಸಬೇಡಿ. ಖಾಲಿ ಹೊಟ್ಟೆಯಲ್ಲಿ ಎರಡನೇ ಗ್ಲಾಸಿಗೇ ನಾಲಿಗೆಯೂ ತಲೆಯೂ ಮಂಕಾಗುತ್ತವೆ.

ಕಾರು ನಿಲ್ಲಿಸಿ, ಕೀ ಚಿಕ್ಕಮ್ಮನ ಕೈಗೆ ಕೊಟ್ಟು ಮೊದಲು ಹೋಗಿದ್ದು ಹಳೇ ಮದ್ರಾಸ್ ರಸ್ತೆ ಕಡೆ, ನಿಂಬೆಕಾಯಿಪುರದ ಗೈಸ್ಟ್ ಅನ್ನುವ ಬ್ರೂಪಬ್‌ಗೆ. ಮಧ್ಯಾಹ್ನ ಹೋದರೆ ಜನ ಕಡಿಮೆ, ಕೊಡುವವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ದೊಡ್ಡ ಗ್ಲಾಸ್ ತರಿಸದೆ, ಇರುವ ಬಗೆಗಳನ್ನೆಲ್ಲ ಚಿಕ್ಕ ಗ್ಲಾಸಿನಲ್ಲಿ ಕೇಳಿದೆವು. ತಿಳಿ ಬಣ್ಣದಿಂದ ಶುರು ಮಾಡಿ ಕಪ್ಪಿನ ಕಡೆಗೆ ಹೋಗಬೇಕು. ಕಹಿ ಜಾಸ್ತಿ ಇರುವ ಐಪಿಎ ಅನ್ನುವ ಬಗೆ ಕೊನೆಗೆ. ಅದನ್ನು ಮೊದಲು ಕುಡಿದರೆ ಉಳಿದದ್ದೆಲ್ಲ ನೀರಿನ ಹಾಗೆ ಅನ್ನಿಸುತ್ತದೆ. ಇನ್ನೊಂದು ವಿಷಯ ಅಲ್ಲಿ ಗೊತ್ತಾಯಿತು. ತುಂಬ ತಣ್ಣಗಿದ್ದರೆ ನಾಲಿಗೆಗೆ ರುಚಿಯೇ ತಿಳಿಯುವುದಿಲ್ಲ. ಗ್ಲಾಸನ್ನು ಐದು ನಿಮಿಷ ಹಾಗೇ ಬಿಟ್ಟರೆ ವಾಸನೆ ಮೇಲೆ ಬರುತ್ತದೆ. ಇಷ್ಟು ವರ್ಷ ನಾವು ಚಿಲ್ಡ್ ಚಿಲ್ಡ್ ಅಂತ ಕೇಳಿ ಕೇಳಿ ಕುಡಿದದ್ದು ಬರೀ ತಂಪನ್ನು, ಅಲ್ವಾ?

ಡಂಕೆಲ್ ಅನ್ನುವ ಕಂದು ಬಣ್ಣದ ಜರ್ಮನ್ ಶೈಲಿಯ ಬಿಯರ್ ಬಂತು. ಮೂಗಿನ ಹತ್ತಿರ ಹಿಡಿದೆ. ಹುರಿದ ಕಾಳಿನ ವಾಸನೆ. ಎಲ್ಲೋ ಗೊತ್ತಿರುವ ವಾಸನೆ, ಆದರೆ ಹೆಸರು ಹೊಳೆಯುತ್ತಿಲ್ಲ. ಇದು ಎಲ್ಲಿಂದ ಬರುತ್ತೆ ಅಂತ ಕೇಳಿದಾಗ ಅಲ್ಲಿನ ಹುಡುಗ ಒಂದು ಹಿಡಿ ಮಾಲ್ಟ್ ತಂದು ಮೇಜಿನ ಮೇಲೆ ಹಾಕಿದ. "ಅಗಿದು ನೋಡಿ ಅಣ್ಣ" ಅಂದ. ಅಗಿದರೆ ಸಿಹಿ. ಆಗ ಮೇಷ್ಟ್ರು ಹೇಳಿದ, "ಲೋ, ಇದು ನಮ್ಮಮ್ಮ ಮಾಡೋ ಮೊಳಕೆ ರಾಗಿ ಕಣೋ!"

ನಿಜವಾಗಿಯೂ ಅದೇ ಕೆಲಸ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡಲು ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾರೆ. ಬಿಯರಿಗೆ ಬಾರ್ಲಿಯನ್ನು ಹಾಗೇ ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ಅದೇ ಮಾಲ್ಟ್. ಜಾಸ್ತಿ ಹುರಿದಷ್ಟೂ ಬಿಯರ್ ಕಪ್ಪು. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟಿನ ಅಂಶವನ್ನು ಒಡೆದು ಸಕ್ಕರೆ ಮಾಡುತ್ತವೆ. ಮೊಳಕೆ ರಾಗಿಯ ಸರಿ ಬರೀ ರಾಗಿ ಗಂಜಿಯಷ್ಟು ಗಟ್ಟಿಯಾಗುವುದಿಲ್ಲ, ಸ್ವಲ್ಪ ಸಿಹಿಯಾಗಿಯೂ ಇರುತ್ತದೆ. ಅದಕ್ಕೂ ಕಾರಣ ಇದೇ. ಬ್ರೂವರಿಯಲ್ಲಿ ನುಚ್ಚು ಮಾಡಿದ ಮಾಲ್ಟನ್ನು 65 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟು ಆ ಸಿಹಿ ನೀರನ್ನು ಸೋಸುತ್ತಾರೆ. ಅದಕ್ಕೆ ಹಾಪ್ಸ್ ಹೂವು ಹಾಕಿ ಕುದಿಸುತ್ತಾರೆ, ಕಹಿ ಅಲ್ಲಿಂದ ಬರುತ್ತದೆ. ತಣ್ಣಗಾದ ಮೇಲೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಆಲ್ಕೋಹಾಲೂ ಗುಳ್ಳೆಗಳೂ ಆಗುತ್ತವೆ. ನಾಲ್ಕೂ ಜನ ಮೇಜಿನ ಮೇಲಿನ ಕಾಳನ್ನು ಒಂದೊಂದಾಗಿ ತಿಂದು ಮುಗಿಸಿದೆವು. ನನ್ನ ಮಟ್ಟಿಗೆ ಇಡೀ ಪ್ರವಾಸದ ಒಳ್ಳೆಯ ಗಳಿಗೆ ಅದು.

ಸಂಜೆ ಚಿಕ್ಕಮ್ಮನ ಮನೆಗೆ ಬಂದು ಎರಡು ಗಂಟೆ ಮಲಗಿದೆವು. ರಾತ್ರಿ ಮೆಟ್ರೋದಲ್ಲಿ ಮೂರು ನಿಲ್ದಾಣ ಹೋಗಿ, ಆಟೋ ಹಿಡಿದು ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ಗೆ. ಗೋಡೆ ತುಂಬ ಪುಸ್ತಕ, ವೇದಿಕೆಯಲ್ಲಿ ಜಾಝ್. ಸ್ಟೌಟ್ ಅನ್ನುವ ಕಪ್ಪು ಬಿಯರ್ ಕುಡಿದೆವು, ಕಾಫಿ ಡಿಕಾಕ್ಷನ್ ನೆನಪಾಗುವ ರುಚಿ. ಒಂದೇ ಗ್ಲಾಸ್. ಪ್ರತಿ ಗ್ಲಾಸಿಗೂ ಜೊತೆಗೆ ಒಂದು ಗ್ಲಾಸ್ ನೀರು ಅನ್ನುವುದನ್ನು ಕಾರ್ಖಾನೆಯವನು ಕಟ್ಟುನಿಟ್ಟಾಗಿ ಪಾಲಿಸಿದ, ನಾವೂ ಪಾಲಿಸುವ ಹಾಗೆ ಮಾಡಿದ.

ಅಲ್ಲಿಗೆ ಸಾಕು ಮಾಡಬೇಕಿತ್ತು. ಹತ್ತಿರದ ಇನ್ನೊಂದು ಕಡೆಗೂ ಹೋದೆವು, ಹೆಸರು ಬೇಡ. ಬಂದ ಲಾಗರ್ ಅನ್ನುವ ಬಗೆಯ ಬಿಯರ್ ಬೆಣ್ಣೆ ವಾಸನೆ ಹೊಡೆಯುತ್ತಿತ್ತು. ಇದಕ್ಕೆ ಡೈಅಸಿಟೈಲ್ ಅನ್ನುತ್ತಾರೆ. ಯೀಸ್ಟ್ ಸಕ್ಕರೆ ತಿನ್ನುವಾಗ ಹುಟ್ಟಿದ ಅದನ್ನು ಯೀಸ್ಟೇ ಕೊನೆಗೆ ಮತ್ತೆ ಹೀರಿಕೊಳ್ಳುತ್ತದೆ. ಅದಕ್ಕೆ ಮೊದಲೇ ಅವಸರದಿಂದ ಬಿಯರ್ ತೆಗೆದರೆ ವಾಸನೆ ಉಳಿಯುತ್ತದೆ. ಟ್ಯಾಪಿನ ಪೈಪ್ ಸರಿಯಾಗಿ ತೊಳೆಯದಿದ್ದರೂ ಹೀಗಾಗುತ್ತದೆ. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ನನಗೆ ಪೈಪ್ ತೊಳೆಯುವುದು ಎಷ್ಟು ಮುಖ್ಯ ಅಂತ ಚೆನ್ನಾಗಿ ಗೊತ್ತು. ಹೇಳಿದೆವು, ಬೇರೆ ಬಗೆ ತಂದುಕೊಟ್ಟರು. ಹೀಗೆ ಬಂದರೆ ಸಂಕೋಚ ಬೇಡ, ವಾಪಸ್ ಕೊಡಿ.

ಭಾನುವಾರ ಮಧ್ಯಾಹ್ನ ನೇರಳೆ ಮಾರ್ಗದ ಮೆಟ್ರೋದಲ್ಲಿ ಇಂದಿರಾನಗರ. ವೈಟ್‌ಫೀಲ್ಡ್‌ನಿಂದ ಒಂದೇ ರೈಲು. 2023ರ ಅಕ್ಟೋಬರಿನಿಂದ ಈ ಮಾರ್ಗ ಪೂರ್ತಿ ಆಗಿರುವುದು ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ಅಲ್ಲಿ 100 ಅಡಿ ರಸ್ತೆಯ ಟಾಯ್ಟ್ ಬ್ರೂಪಬ್‌ಗೆ ಹೋದೆವು, ಅದು 2010ರಲ್ಲಿ ಶುರುವಾಗಿದ್ದು. ಅವತ್ತು ನನಗೆ ಬರೀ ನಿಂಬೆ ಸೋಡ. ಆದರೂ ಬಂದ ಪ್ರತಿ ಗ್ಲಾಸನ್ನೂ ಮೊದಲು ನನ್ನ ಮೂಗಿಗೆ ಹಿಡಿದೇ ಅವರು ಕುಡಿದರು. ಗೋಧಿ ಬಿಯರಿನಲ್ಲಿ ಕಳಿತ ಪಚ್ಚಬಾಳೆಯ ವಾಸನೆ, ಹಿಂದೆಯೇ ಲವಂಗ. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ, ಆ ಜಾತಿಯ ಯೀಸ್ಟ್ ತಾನೇ ಮಾಡುವ ವಾಸನೆ ಅದು. ಬಾಸ್ಮತಿ ಅಕ್ಕಿ ಸೇರಿಸಿ ಮಾಡಿದ ಒಂದು ಬಿಯರೂ ಇತ್ತು. ಮಂಡಿಯವನಿಗೆ ಅದೇ ಹಿಡಿಸಿತು. ಕುಡಿಯದೆ ಕೂತ ಅವತ್ತು ನಾನು ವಾಸನೆಯನ್ನು ಗಮನವಿಟ್ಟು ನೋಡಿದಷ್ಟು ಹಿಂದಿನ ದಿನವೂ ನೋಡಿರಲಿಲ್ಲ.

ಸಂಜೆ ಐದಕ್ಕೆ ಹೋಪ್ ಫಾರ್ಮ್‌ಗೆ ವಾಪಸ್. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಹತ್ತಿರ ಬಂದರು, "ನೀನೇನಾ ಓಡಿಸೋದು?" ಅಂತ ಕೇಳಿ ಕೀ ಕೊಟ್ಟರು. ಎಲ್ಲರಿಗೂ ಕಾಫಿ ಆಯಿತು. ಹೊಸಕೋಟೆ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಇಬ್ಬರೂ ನಿದ್ದೆ. ನರಸಾಪುರದಲ್ಲಿ ಒಬ್ಬನನ್ನು ಇಳಿಸಿದೆ. ಬೆಳಗಿನ ಜಾವ ಮಂಡಿಗೆ ಹೋಗಬೇಕಾದವನನ್ನು ಅವನ ಮನೆ ಮುಂದೆ ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಇಳಿದು, "ಮುಂದಿನ ಸಲ ಕೀ ನನಗೆ" ಅಂದ.