ಅಯ್ಯೋ ಪಾಪ ಅನ್ನಿಸೋದು ಸುಲಭ

ಸೆಪ್ಟೆಂಬರ್ ಬಂತು ಅಂದರೆ ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು. ಮೊದಲ ವರ್ಷ ನಾವು ನಾಲ್ಕು ಜನ ಸೇರಿ ಎಲ್ಲರೂ ಮಾಡುವುದನ್ನೇ ಮಾಡಿದೆವು. ಪ್ರೊಫೈಲ್ ಫೋಟೋಗೆ ಚಿನ್ನದ ಬಣ್ಣದ ರಿಬ್ಬನ್, ಕೂದಲು ಉದುರಿದ ಒಬ್ಬ ಹುಡುಗನ ನಗುಮುಖ, ಕೆಳಗೆ ಕಣ್ಣಲ್ಲಿ ನೀರು ತರಿಸುವ ಹತ್ತು ಸಾಲು. ಲೈಕ್ ಅಂದ್ರೆ ಲೈಕ್! ತಿಂಗಳ ಕೊನೆಗೆ ಕೂತು ಕಾಮೆಂಟ್ ಓದಿದರೆ, ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅಯ್ಯೋ ಪಾಪ ಅಂದು ಮುಂದೆ ಹೋಗಿದ್ದರು. ನಾವು ಅನ್ನಿಸಿದ್ದೂ ಅಷ್ಟೇ ಅಲ್ವಾ.

ನಾನು ಡಾಕ್ಟರ್ ಅಲ್ಲ. ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಕಥೆ ಓದಿ ಹೇಳಲು ಹೋಗುವವಳು. ಅಲ್ಲಿ ಅಪ್ಪ ಅಮ್ಮಂದಿರ ಬಾಯಲ್ಲಿ ಮತ್ತೆ ಮತ್ತೆ ಒಂದೇ ಮಾತು: ಜ್ವರ ಹೋಗಿ ಬಂದು ಮಾಡ್ತಿತ್ತು, ಸಿರಪ್ ಕೊಡ್ತಾ ಇದ್ವಿ, ಬೆಳೆಯೋ ವಯಸ್ಸು, ಕಾಲು ನೋಯುತ್ತೆ ಅಂದ್ಕೊಂಡ್ವಿ. ಅವರಿಗೆ ಬೇಕಿದ್ದದ್ದು ನಮ್ಮ ಕಣ್ಣೀರಲ್ಲ, ಒಂದೆರಡು ತಿಂಗಳ ಮುಂಚೆ ಯಾರಾದರೂ ಹೇಳಬೇಕಿದ್ದ ಒಂದು ಮಾತು.

ಹಾಗಾಗಿ ಮುಂದಿನ ವರ್ಷ ಒಂದು ಪೋಸ್ಟಿಗೆ ಒಂದೇ ಲಕ್ಷಣ ಅಂತ ಇಟ್ಟುಕೊಂಡೆವು. ಕಾರಣವಿಲ್ಲದೆ ಮೈಮೇಲೆ ಮೂಡುವ ಕಲೆಗಳು. ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಕಡಿಮೆಯಾಗದ ಗಂಟು. ಕಣ್ಣಿನದು ಮಾತ್ರ ಸ್ವಲ್ಪ ಎಡವಟ್ಟಾಯಿತು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ ಅದು ರೆಟಿನೊಬ್ಲಾಸ್ಟೋಮಾ ಅನ್ನುವ ಕಣ್ಣಿನ ಕ್ಯಾನ್ಸರ್ ಇರಬಹುದು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ನಾನು 'ಕಣ್ಣಲ್ಲಿ ಬಿಳಿ ಕಂಡರೆ ಕ್ಯಾನ್ಸರ್!' ಅಂತ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟೆ. ರಾತ್ರಿಯೆಲ್ಲಾ ಗಾಬರಿಯ ಮೆಸೇಜು, ಜೊತೆಗೆ ಮಸುಕು ಮಸುಕಾದ ಫೋಟೋಗಳು. ವಾರ್ಡಿನ ಡಾಕ್ಟರ್ ಚೆನ್ನಾಗಿ ಬೈದರು. ಕಣ್ಣಿನ ಪೊರೆಯಿಂದಲೂ ಹಾಗೆ ಕಾಣಬಹುದು, ಕ್ಯಾಮೆರಾ ಹಿಡಿದ ಕೋನದಿಂದಲೂ ಕಾಣಬಹುದು. ಆಮೇಲೆ ಬದಲಿಸಿದ್ದು ಇಷ್ಟೇ: 'ಹೀಗೆ ಕಂಡರೆ ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಆ ಫೋಟೋನೂ ಒಯ್ಯಿರಿ.' ಅಂದಿನಿಂದ ಡಾಕ್ಟರ್ ಓದದೆ ಯಾವ ಪೋಸ್ಟೂ ಹೊರಗೆ ಹೋಗಿಲ್ಲ.

ಮಾತನ್ನು ಚಿತ್ರದ ಒಳಗೇ ಬರೆಯುತ್ತೇವೆ, ಯಾಕಂದ್ರೆ ವಾಟ್ಸಾಪಲ್ಲಿ ಕೈಯಿಂದ ಕೈಗೆ ಹೋಗುವಾಗ ಕೆಳಗಿನ ಬರಹ ಎಷ್ಟೋ ಸಲ ಎಲ್ಲೋ ಬಿದ್ದುಹೋಗಿ ಬರೀ ಫೋಟೋ ಉಳಿಯುತ್ತದೆ.

ಅಂಕಿ ಅಂಶ ಹಾಕಿದ್ದು ಮಾತ್ರ ಅಷ್ಟೇನೂ ಓಡಲಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಅಂದರೆ ಯಾರೂ ತಿರುಗಿ ನೋಡಲ್ಲ. ಆದರೆ ಶ್ರೀಮಂತ ದೇಶಗಳಲ್ಲಿ 80%ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30%ಕ್ಕಿಂತಲೂ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಹಾಕಿದಾಗ ಕಾಮೆಂಟಲ್ಲಿ ಜಗಳವೇ ಶುರುವಾಯಿತು. ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋದನ್ನೇ ಅರ್ಧ ಜನ ನಂಬಲು ತಯಾರಿರಲಿಲ್ಲ. ಇನ್ನರ್ಧ ಜನ ಜ್ಯೂಸಿನಲ್ಲೇ ವಾಸಿ ಮಾಡುವವರು! ಅವರ ಜೊತೆ ವಾದ ಮಾಡಿ ಸುಸ್ತಾಗಿ, ಈಗ ಒಂದೇ ಸಾಲಿನ ಉತ್ತರ ಪಿನ್ ಮಾಡಿಟ್ಟು ಸುಮ್ನೆ ಇರುತ್ತೇನೆ.

ಆ ಮೊದಲ ವರ್ಷದ ನಗುಮುಖದ ಹುಡುಗ ಗುಣವಾಗಿ ಶಾಲೆಗೆ ಹೋಗುತ್ತಿದ್ದಾನೆ. ಒಂದು ದಿನ ಫೋನ್ ಮಾಡಿ, "ಅಕ್ಕಾ, ಆ ಫೋಟೋ ತೆಗೀತೀರಾ? ಕ್ಲಾಸಲ್ಲಿ ಎಲ್ಲರೂ ತೋರಿಸ್ತಾರೆ" ಅಂದ. ಅವನ ಅಮ್ಮನನ್ನು ಕೇಳಿಯೇ ಹಾಕಿದ್ದೆವು, ಅವನನ್ನು ಕೇಳಿರಲಿಲ್ಲ. ನಮ್ಮ ಪೇಜಿನಿಂದ ತೆಗೆದೆ. ಶೇರ್ ಆದ ಸ್ಕ್ರೀನ್‌ಶಾಟುಗಳು ಇನ್ನೂ ಎಲ್ಲೆಲ್ಲೋ ಓಡಾಡುತ್ತಿವೆ. ಆಮೇಲಿಂದ ನಾವು ಮಕ್ಕಳ ಮುಖ ಹಾಕುವುದಿಲ್ಲ, ಚಿತ್ರ ಬರೆಸುತ್ತೇವೆ.

ಕಳೆದ ಸಲ ಕಣ್ಣಿನ ಪೋಸ್ಟಿಗೆ ಬಂದದ್ದು 31 ಲೈಕ್. ಎರಡು ವಾರ ಬಿಟ್ಟು ಒಬ್ಬ ಅಪ್ಪನ ಮೆಸೇಜ್ ಬಂತು: "ಮೇಡಂ, ಮಗಳನ್ನ ಡಾಕ್ಟರಿಗೆ ತೋರಿಸಿದ್ವಿ. ಕ್ಯಾನ್ಸರ್ ಅಲ್ಲವಂತೆ, ಪೊರೆ. ಮುಂದಿನ ವಾರ ಆಪರೇಷನ್."